ಗಡಿ ದಾಟಿದ ಕೈಗಳು

ಬಸ್ಸು ಹೊಳೆಯ ಸೇತುವೆ ದಾಟಿ ಪಕ್ಕದ ಜಿಲ್ಲೆಗೆ ಬಂದಾಗ ಡಾಕ್ಟರ್ ನೀಲಾಂಬಿಕಾಳ ಬೆರಳ ತುದಿಗಳು ಎಂದಿನಂತೆ ಜುಮ್ಮೆಂದವು. ಅವಳ ಪರವಾನಗಿ ಇದ್ದದ್ದು ಹಿಂದಿನ ಜಿಲ್ಲೆಗೆ ಮಾತ್ರ. ಇಲ್ಲಿ ಅವಳೂ ಪರವಾನಗಿ ಇಲ್ಲದ ಎಲ್ಲರ ಹಾಗೆಯೇ. ಚೀಲ ಹಿಡಿಯಬಲ್ಲ ಕೈ ಚಿಕಿತ್ಸೆಗೆಂದು ರೋಗಿಯ ಹತ್ತಿರ ಹೋದರೆ ಮರಗಟ್ಟುತ್ತಿತ್ತು. ಕಾನೂನಿನ ಪ್ರಕಾರ ಸಲಹೆಯೂ ಚಿಕಿತ್ಸೆಯೇ ಆದ್ದರಿಂದ ನಾಲಿಗೆಯದೂ ಅದೇ ಪಾಡು.

ಆಗಲೇ ಮುಂದಿನ ಸೀಟಿನಲ್ಲಿದ್ದ ಕಸ್ತೂರೆವ್ವನ ಪುಟ್ಟ ಮಗಳ ಗಂಟಲಲ್ಲಿ ಶೇಂಗಾ ಸಿಕ್ಕಿಕೊಂಡಿತು.

"ಡಾಕ್ಟರ್ರ, ಇಕಿ ಉಸಿರಾಡವಲ್ಲಳು."

ನೀಲಾಂಬಿಕಾ ಕೈ ಚಾಚಿದಳು. ಮಗುವನ್ನು ಮುಟ್ಟುವ ಮೊದಲೇ ಅದು ಕಟ್ಟಿಗೆಯಂತಾಯಿತು. ಬೆನ್ನಿಗೆ ಗುದ್ದು ಎಂದು ತಾಯಿಗೆ ಹೇಳಹೋದರೆ ಮಾತು ಹೊರಡಲಿಲ್ಲ. ಹೇಳಿದ್ದರೂ ಪರವಾನಗಿಯಿಲ್ಲದ ತಾಯಿಯ ಕೈ ಏಳುತ್ತಿರಲಿಲ್ಲ.

"ಬಸ್ಸು ಹಿಂದಕ್ಕ ತಗೋರಿ, ಹೊಳಿ ದಾಟಿಸ್ರಿ," ಎಂದು ನೀಲಾಂಬಿಕಾ ಡ್ರೈವರನತ್ತ ಕೂಗಿದಳು. ಆ ಮಾತಿಗೆ ನಾಲಿಗೆ ತಡೆಯೊಡ್ಡಲಿಲ್ಲ.

ಡ್ರೈವರ್ ಏನೂ ಕೇಳದೆ ರಿವರ್ಸ್ ಹಾಕಿದ. ಕಂಡಕ್ಟರ್ ಕೆಳಗೆ ಜಿಗಿದು, ಸೀಟಿ ಊದುತ್ತ ಹಿಂದಿನ ಲಾರಿಗಳನ್ನು ಬೈದು ಸರಿಸಿದ. ಸೇತುವೆ ಮುಗಿಯುವಷ್ಟರಲ್ಲಿ ಮಗುವಿನ ತುಟಿ ನೀಲಿಗಟ್ಟಿತ್ತು.

ಕೈಗೆ ಜೀವ ಬಂದದ್ದೇ ನೀಲಾಂಬಿಕಾ ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿ ಗುದ್ದಿದಳು. ಶೇಂಗಾ ಹೊರಬಿತ್ತು. ಬಾಯಿಗೆ ಬಾಯಿಟ್ಟು ಊದಿದಳು, ಎದೆ ಒತ್ತಿದಳು, ಮತ್ತೆ ಊದಿದಳು. ಬೆರಳಿಗೆ ನಾಡಿ ಸಿಗಲಿಲ್ಲ.

"ನಿಮ್ಮ ಕೈ ಬಂದ್ವಲ್ಲರಿ, ಇನ್ನ ಅಂಜಿಕಿ ಇಲ್ಲ," ಎಂದು ಕಸ್ತೂರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗಡಿಯಿಂದ ಎಷ್ಟು ದೂರವಾದರೆ ಅಷ್ಟು ಒಳ್ಳೆಯದೆಂದು ಡ್ರೈವರ್ ಇನ್ನೂ ಹಿಂದಕ್ಕೇ ಬಸ್ಸು ಬಿಡುತ್ತಿದ್ದ. ಸಾಕು, ನಿಲ್ಲಿಸು ಎನ್ನಲು ನೀಲಾಂಬಿಕಾಳಿಗೆ ಧೈರ್ಯ ಬರಲಿಲ್ಲ. ಆ ಮಿಡಿಯದ ಎದೆಯನ್ನು ಒತ್ತುತ್ತಲೇ ಇದ್ದಳು.