ಅತ್ತೆ ಕಂಡ ಗೊಂಬೆ

"ಮೇಡಂ, ಇದು ಗಂಡಸೋ ಹೆಂಗಸೋ?" ಕಾಲೇಜಿನ ಮಂಚದ ಮೇಲೆ ಕಲಿಕೆಗೆಂದು ಮಲಗಿಸಿದ್ದ ಪ್ಲಾಸ್ಟಿಕ್ ಗೊಂಬೆಯ ಹೊದಿಕೆಯನ್ನು ಎತ್ತಲೂ ಆಗದೆ ಬಿಡಲೂ ಆಗದೆ ಎರ್ರೆಮ್ಮ ಕೇಳಿದರು. ಪಕ್ಕದಲ್ಲಿ ಸೊಸೆ ದೇವಿಕಾ ಮೂತ್ರದ ಟ್ಯೂಬ್ ಹಿಡಿದು ಬೆವರುತ್ತಿದ್ದಳು. ಪರಗಂಡಸರ ಮೈ ಮುಟ್ಟುವ ಪಾಠವಿದ್ದರೆ ಹೊಸಪೇಟೆಯ ನರ್ಸಿಂಗ್ ಓದೇ ಬೇಡ ಎಂದಿದ್ದ ಮಾವ, ಕಣ್ಣಾರೆ ನೋಡಿ ಬರಲೆಂದು ಹೆಂಡತಿಯನ್ನು ತಮ್ಮೂರು ವಡ್ಡುವಿನಿಂದ ಕಳಿಸಿದ್ದರು. ಈ ಪಾಠ ಬಿಟ್ಟರೆ ದೇವಿಕಾ ಪರೀಕ್ಷೆಗೆ ಕೂರುವಂತಿರಲಿಲ್ಲ.

"ಎರಡೂ ಆಗ್ತತ್ರಿ ಅಮ್ಮ. ಯಾವ ಭಾಗ ಬೇಕೋ ಅದನ್ನ ಕೂಡಸ್ತೀವಿ," ಎಂದರು ಶಿಕ್ಷಕಿ.

"ಹಂಗಾದ್ರ ಮೊದ್ಲು ಹೆಂಗಸು ಮಾಡ್ರಿ."

ಶಿಕ್ಷಕಿ ಹೊದಿಕೆಯೊಳಗೆ ಕೈ ಹಾಕಿ ಒಂದು ಭಾಗ ಕಳಚಿ ಇನ್ನೊಂದನ್ನು ಕೂರಿಸಿದರು. ಎರ್ರೆಮ್ಮ ಬಾಯಿ ಬಿಟ್ಟುಕೊಂಡು ನೋಡಿದರು. "ಅಯ್ಯ ಶಿವನೇ! ನಮ್ಮನಿ ಗಂಡಸ್ರಿಗೂ ಹಿಂಗ ಇದ್ದಿದ್ರ ಭಾಳ ಚಲೋ ಇತ್ತು ನೋಡ್ರಿ. ಒಂದಿನ ಆದ್ರೂ ನಮ್ಮ ಪಾಡು ತಿಳೀತಿತ್ತು."

ದೇವಿಕಾ ನಗು ತಡೆದುಕೊಂಡು ಟ್ಯೂಬ್ ಹಾಕಿ ಮುಗಿಸಿದಳು. "ಇನ್ನ ಗಂಡಸು," ಎಂದರು ಶಿಕ್ಷಕಿ. ದೇವಿಕಾಳ ನಗು ನಿಂತಿತು. ಅವಳು ಹೆದರಿ ಅತ್ತೆಯನ್ನು ನೋಡಿದಳು.

ಎರ್ರೆಮ್ಮ ಸೆರಗು ಹೊದ್ದುಕೊಂಡು ಗೋಡೆಯತ್ತ ತಿರುಗಿ ನಿಂತರು. "ನಿಮ್ಮ ಮಾವಗ ಸುಳ್ಳು ಹೇಳಾಕ ನನಗ ಬರಂಗಿಲ್ಲ. ನಾ ಕಂಡಿದ್ದು ಹೆಂಗಸನ್ನ ಅಷ್ಟ. ನೀ ಸರಿಯಾಗಿ ಕಲಿ."