ಭಾವಿ ಅಳಿಯನಿಗೊಂದು ಸೈಕಲ್ ಕಂಪ್ಯೂಟರ್

ಬೆಳಿಗ್ಗೆ ಆರು ಐವತ್ತಕ್ಕೆ ಚುಕ್ಕೆ ಮತ್ತೆ ಅಲ್ಲೇ ನಿಂತಿತು.

ಡೊಂಬಿವಲಿಯ ತಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ ಹೃಷೀಕೇಶ ರಾಯರು ಫೋನಿನ ನಕ್ಷೆಯನ್ನು ಬೆರಳಿನಿಂದ ಹಿಗ್ಗಿಸಿ ನೋಡಿದರು. ಕಳಂಬೋಲಿ. ಕಬ್ಬಿಣದ ಮಾರ್ಕೆಟ್ಟಿನ ಹಿಂದಿನ ಅದೇ ಕಟ್ಟಡ. ಐದೂವರೆಗೆ ಐರೋಲಿಯಿಂದ ಹೊರಟ ಸೈಕಲ್ಲು ನಡುವೆ ಒಂದು ಚಹಾಕ್ಕೂ ನಿಂತಿರಲಿಲ್ಲ. ಇನ್ನು ಎರಡು ಗಂಟೆ ಅದು ಅಲ್ಲಿಂದ ಕದಲುವುದಿಲ್ಲ. ಇದು ನಾಲ್ಕನೆಯ ಭಾನುವಾರ.

ಹನ್ನೊಂದು ದಿನಕ್ಕೆ ನಿಶ್ಚಿತಾರ್ಥ.

ಹುಡುಗನಲ್ಲಿ ಎತ್ತಿ ಹೇಳುವಂಥ ದೋಷ ಇರಲಿಲ್ಲ. ರಾಯರನ್ನು ಕಾಡಿದ್ದೇ ಅದು. ತರುಣ್, ಮೈಸೂರಿನವರ ಮಗ. ಐರೋಲಿಯಲ್ಲಿ ಕೆಲಸ, ಅಲ್ಲೇ ಸ್ವಂತ ಫ್ಲ್ಯಾಟು, ಮಾತು ಕಮ್ಮಿ. ಬಯೋಡೇಟಾದಲ್ಲಿ ಹವ್ಯಾಸದ ಮುಂದೆ ಒಂದೇ ಶಬ್ದ: ಸೈಕ್ಲಿಂಗ್. ಒಬ್ಬನೇ, ಬೆಳಗಿನ ಜಾವ, ಎಲ್ಲಿಗೆಂದು ಯಾರಿಗೂ ಹೇಳಬೇಕಾಗಿಲ್ಲದ ಹವ್ಯಾಸ.

ಬಯೋಡೇಟಾಗಳು ಹೇಗೆ ತಯಾರಾಗುತ್ತವೆ ಎಂದು ರಾಯರಿಗೆ ಗೊತ್ತಿತ್ತು. ಮಗಳು ಪ್ರಿಯಂವದಾಳದ್ದನ್ನು ಅವರೇ ತಿದ್ದಿದ್ದರು. ಅವಳು ಬರೆದಿದ್ದ ಹವ್ಯಾಸವನ್ನು ಸರಿಯಾಗಿ ಓದದೆಯೇ ಅಳಿಸಿ ವೀಣೆ, ರಂಗೋಲಿ ಎಂದು ಹಾಕಿದ್ದರು. ಮನೆಯಲ್ಲಿ ವೀಣೆ ಇರಲಿಲ್ಲ. ಹೆಣ್ಣಿನ ಕಡೆಯವರು ಹಾಗೆ ಮಾಡಬೇಕಾಗುತ್ತದೆ. ಗಂಡಿನ ಕಡೆಯವರಿಗೆ ಆ ಅಗತ್ಯವೆಲ್ಲಿ?

ಹಾಗಾಗಿ ತಿಂಗಳ ಹಿಂದೆ ಅವರು ಠಾಣೆ ಶಹರದ ಸೈಕಲ್ ಅಂಗಡಿಗೆ ಹೋಗಿದ್ದರು. ಅಂಗಡಿಯ ಮನೀಶ್ ಹ್ಯಾಂಡಲಿಗೆ ಸಿಕ್ಕಿಸುವ ಸೈಕಲ್ ಕಂಪ್ಯೂಟರಿನ ಮೂರು ಡಬ್ಬಿ ಬಿಚ್ಚಿಟ್ಟ. ಮೊದಲನೆಯದು ಚಕ್ರದ ಸುತ್ತು ಎಣಿಸಿ ವೇಗ, ದೂರ ತೋರಿಸುವಂಥದ್ದು. ಎರಡನೆಯದು ಎದೆಬಡಿತ, ಏರಿದ ಎತ್ತರ ಎಲ್ಲ ಹೇಳುತ್ತಿತ್ತು. ಮೂರನೆಯದರಲ್ಲಿ ನಕ್ಷೆ.

"ಓಡಿಸುವವರು ಎಂಥವರು?" ಮನೀಶ್ ಹಿಂದಿಯಲ್ಲಿ ಕೇಳಿದ. "ರೇಸಾ, ದೂರದ ಸವಾರಿಯಾ, ಆಫೀಸಿಗೆ ಹೋಗಿಬರಲಿಕ್ಕಾ? ಅದು ಗೊತ್ತಾಗದೆ ಸರಿಯಾದದ್ದು ಆರಿಸಲಿಕ್ಕೆ ಆಗುವುದಿಲ್ಲ."

"ಅದನ್ನು ತಿಳಿಯಲಿಕ್ಕೇ ಆರಿಸುವುದು," ಎಂದರು ರಾಯರು.

ಮನೀಶ್ ಅವರ ಮುಖ ನೋಡಿದ. "ಎಲ್ಲರೂ ಎಷ್ಟು ವೇಗ ಹೋದೆ ಅಂತ ನೋಡುತ್ತಾರೆ. ನಿಮಗೆ ಏನು ಬೇಕು?"

"ಎಲ್ಲಿ ನಿಂತ ಅಂತ."

ಅವನು ಮೂರನೆಯದನ್ನು ಮುಂದೆ ತಳ್ಳಿದ. ಕಳ್ಳರು ಸೈಕಲ್ ಒಯ್ದರೆ ಹುಡುಕಲು ಅದರೊಳಗೇ ಸಿಮ್ ಇತ್ತು. ಯಾರ ಫೋನಿಗೆ ಜೋಡಿಸಲಿ ಎಂದು ಕೇಳಿದ. ರಾಯರು ತಮ್ಮ ಫೋನು ಕೊಟ್ಟರು.

ಉಡುಗೊರೆಯನ್ನು ತರುಣ್ ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿದ. ಎಲ್ಲಿ ತೆರೆಯಬೇಕೆಂದು ತಿಳಿಯದವನಂತೆ. ಪ್ರಿಯಂವದಾ ಡಬ್ಬಿ ಕಸಿದುಕೊಂಡು ತೆರೆದಳು.

"ಅಪ್ಪಾ, ಇದರ ಬ್ಯಾಟರಿ ಇಪ್ಪತ್ತು ಗಂಟೆ ಬರ್ತದೆ, ಗೊತ್ತುಂಟಾ ನಿಮಗೆ?"

ಗಂಡನಾಗುವವನ ಆಸಕ್ತಿಯನ್ನು ಮಗಳು ಇಷ್ಟು ಬೇಗ ತನ್ನದಾಗಿಸಿಕೊಂಡದ್ದು ರಾಯರಿಗೆ ಹಿತವೆನಿಸಿತು.

"ಥ್ಯಾಂಕ್ಸ್ ಅಂಕಲ್," ಎಂದ ತರುಣ್. "ಇದು ಖಂಡಿತ ವೇಸ್ಟ್ ಆಗಲ್ಲ."

ವೇಸ್ಟ್ ಆಗಲಿಲ್ಲ. ವಾರದ ದಿನಗಳಲ್ಲಿ ಚುಕ್ಕೆ ಐರೋಲಿ ಬಿಟ್ಟು ಕದಲುತ್ತಿರಲಿಲ್ಲ. ಭಾನುವಾರ ಮಾತ್ರ ಕಳಂಬೋಲಿ. ಆ ಕಟ್ಟಡದೊಳಗೆ ಯಾರೋ ಒಬ್ಬಳು ಬಾಗಿಲು ತೆರೆಯುವುದು ರಾಯರಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಹೆಂಡತಿ ಪ್ರಭಾಗೆ ಹೇಳಲಿಲ್ಲ. ಐರೋಲಿಯಲ್ಲೇ ಗೆಳತಿಯ ಜೊತೆ ಬಾಡಿಗೆಗಿದ್ದ ಮಗಳಿಗಂತೂ ಹೇಳುವುದು ಹೇಗೆ? ಅವಳು ಭಾನುವಾರ ಮಧ್ಯಾಹ್ನ ಮನೆಗೆ ಬಂದು, ಎರಡು ಸಲ ಅನ್ನ ಬಡಿಸಿಕೊಂಡು, ಸೋಫಾದ ಮೇಲೇ ನಿದ್ದೆ ಹೋಗುತ್ತಿದ್ದಳು. ಆಫೀಸಿನ ದಣಿವು ಎನ್ನುತ್ತಿದ್ದಳು ಪ್ರಭಾ. ಏನೂ ಅರಿಯದೆ ಮಲಗಿದ ಆ ಮುಖ ನೋಡಲಾಗದೆ ರಾಯರು ಫ್ಯಾನಿನ ವೇಗ ಹೆಚ್ಚಿಸಿ ಆಚೆ ಹೋಗುತ್ತಿದ್ದರು.

ಸೋಮವಾರ ಸಂಜೆ ತರುಣನನ್ನು ಹೋಟೆಲಿಗೆ ಕರೆಸಿದರು. ಎಸಿ ರೂಮಿನ ಮೂಲೆಯ ಮೇಜು. ಕಾಫಿ ಬಂತು. ಇಬ್ಬರೂ ಮುಟ್ಟಲಿಲ್ಲ.

"ನಾನು ಕೊಟ್ಟದ್ದು ಎಲ್ಲೆಲ್ಲಿ ಹೋಗ್ತದೆ ಅಂತ ನನ್ನ ಫೋನಿನಲ್ಲಿ ಕಾಣ್ತದೆ," ಎಂದರು ರಾಯರು. "ಅಷ್ಟು ಹೇಳಿದರೆ ಸಾಕಲ್ಲ?"

ತರುಣ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

"ಕಳಂಬೋಲಿಯಲ್ಲಿ ಯಾರಿದ್ದಾರೆ?"

"ಕಳಂಬೋಲಿಯಲ್ಲಾ?"

"ನಾಟಕ ಬೇಡ ಮಾರಾಯ್ರೆ. ನೀವೇ ನೋಡಿ." ರಾಯರು ಫೋನು ಮುಂದಿಟ್ಟರು.

ತರುಣ್ ನಕ್ಷೆಯ ಮೇಲೆ ಬಗ್ಗಿದ. ಬಹಳ ಹೊತ್ತು ನೋಡಿದ. ಅವನ ಕಿವಿ ಕೆಂಪಾಗುವುದು ರಾಯರಿಗೆ ಕಂಡಿತು. ಸಿಕ್ಕಿಬಿದ್ದವನ ಕಿವಿ.

"ಪ್ರತಿ ಭಾನುವಾರನಾ?" ಎಂದು ಕೇಳಿದ.

"ನಾಲ್ಕೂ ಭಾನುವಾರ."

"ಎಷ್ಟು ಹೊತ್ತು?"

"ಎರಡೆರಡು ಗಂಟೆ. ನಿಮಗೆ ಲೆಕ್ಕ ನಾನು ಹೇಳಬೇಕಾ?" ರಾಯರು ದನಿ ತಗ್ಗಿಸಿದರು. ಪಕ್ಕದ ಮೇಜಿನಲ್ಲಿ ಮಸಾಲೆ ದೋಸೆ ಬಂದಿತ್ತು. "ನನ್ನ ಮಗಳಿಗೆ ಇದು ಗೊತ್ತಾದರೆ ಎಂತ ಆದೀತು ಅಂತ ಯೋಚನೆ ಮಾಡಿದ್ದೀರಾ?"

"ಅವಳಿಗೆ ಗೊತ್ತಿರುತ್ತೆ ಅಂಕಲ್."

ರಾಯರು ಮೇಜಿನ ಮೇಲೆ ಬಗ್ಗಿದರು. "ಗೊತ್ತಿದ್ದೂ ಸುಮ್ಮನೆ ಕೂತಿದ್ದಾಳಾ?"

"ಒಂದು ಮಾತೂ ಹೇಳಲಿಲ್ಲ." ಅವನು ಕಾಫಿಯ ಮೇಲೆ ಕಟ್ಟುತ್ತಿದ್ದ ಕೆನೆಯನ್ನು ನೋಡುತ್ತಿದ್ದ.

ಈ ನಾಚಿಕೆಗೇಡಿತನ ಕಂಡು ರಾಯರು ಫೋನು ಎತ್ತಿ ಕಿಸೆಗೆ ಹಾಕಿದರು. "ನಿಶ್ಚಿತಾರ್ಥ ನಿಲ್ಲಿಸ್ತೇನೆ. ಕಾರಣ ಕೇಳಿದವರಿಗೆ ನಿಮ್ಮ ಹೆಸರೇ ಹೇಳುವುದು," ಎಂದರು.

"ನಿಲ್ಲಿಸೋದೇ ಸರಿ ಅನ್ಸುತ್ತೆ," ಎಂದ ತರುಣ್. ಎದ್ದು ಕುರ್ಚಿಯನ್ನು ಸದ್ದಾಗದಂತೆ ಒಳಗೆ ತಳ್ಳಿದ. ಹೇಳಲೋ ಬೇಡವೋ ಎಂಬಂತೆ ನಿಂತ.

"ನಂಗೆ ಸೈಕಲ್ ಹೊಡೆಯೋಕೇ ಬರಲ್ಲ ಅಂಕಲ್. ನೀವು ಕೊಟ್ಟ ದಿನವೇ ಅದನ್ನ ಪ್ರಿಯಂವದಾ ಸೈಕಲ್ಲಿಗೆ ಹಾಕ್ಕೊಟ್ಟೆ."