ಒಂದು ಕಾಫಿ, ಎರಡು ಲೋಟ

ಹನ್ನೊಂದು ವರ್ಷದಿಂದ ಕಚೇರಿ ಎದುರಿನ ಹೋಟೆಲಿನಲ್ಲಿ ಪ್ರಭಾಕರ, ಶ್ರೀಕಂಠ ಇಬ್ಬರಿಗೂ ಒಂದೇ ಕಾಫಿ, ಬೈ ಟು. ಹಂಚುವವನು ಶ್ರೀಕಂಠ. ಮೊದಲು ನೊರೆಯನ್ನು ಸೊರ್ರೆಂದು ಹೀರಿ, ಮೀಸೆ ಒರೆಸಿಕೊಂಡು, ಆಮೇಲೆ ಅರ್ಧವನ್ನು ಇನ್ನೊಂದು ಲೋಟಕ್ಕೆ ಬಗ್ಗಿಸುತ್ತಿದ್ದ. ಥೂ, ಆ ಎಂಜಲು ಕಂಡರೆ ಪ್ರಭಾಕರನಿಗೆ ಹೇಸಿಗೆಯಾಗುತ್ತಿತ್ತು. ಸ್ನೇಹಕ್ಕೆ ಕಟ್ಟುಬಿದ್ದು ಕಣ್ಣುಮುಚ್ಚಿ ನುಂಗುತ್ತಿದ್ದ.

ಇವತ್ತು ಬೆಳಿಗ್ಗೆ ನೋಟಿಸ್ ಬೋರ್ಡಿನಲ್ಲಿ ಬಡ್ತಿಯ ಪಟ್ಟಿ ಹಾಕಿದ್ದರು. ಪ್ರಭಾಕರನ ಹೆಸರಿನ ಮುಂದೆ ‘ಪರಿಶಿಷ್ಟ ಜಾತಿ’ ಎಂದಿತ್ತು. ಹನ್ನೊಂದು ವರ್ಷ ಗೊತ್ತಿರದಿದ್ದ ಸಂಗತಿಯನ್ನು ಶ್ರೀಕಂಠ ಎರಡೆರಡು ಸಲ ಓದಿದ.

ಹೋಟೆಲಿನಲ್ಲಿ ಸಪ್ಲೈಯರ್ ಎಂದಿನಂತೆ ಒಂದು ಕಾಫಿ, ಒಂದು ಖಾಲಿ ಲೋಟ ತಂದಿಟ್ಟ.

“ಇನ್ನೊಂದು ಫುಲ್ ಕಾಫಿ ತಾರಪ್ಪ,” ಎಂದ ಶ್ರೀಕಂಠ. “ನಮ್ಮ ಪ್ರಭಾಕರಂಗೆ ಪ್ರಮೋಷನ್ ಆಗಿದೆ. ಇನ್ನೂ ಅರ್ಧ ಲೋಟ ಕುಡಿಸೋಕಾಗತ್ತಾ?”

ಅಂತೂ ಎಂಜಲಿಲ್ಲದ ಕಾಫಿ! ಪ್ರಭಾಕರನಿಗೆ ಗೆಳೆಯನ ಮೇಲೆ ಪ್ರೀತಿ ಉಕ್ಕಿತು. ಇನ್ನೇನು ಲೋಟ ತುಟಿಗಿಡಬೇಕು, ಅಷ್ಟರಲ್ಲಿ ಹೊಸದಾಗಿ ವರ್ಗವಾಗಿ ಬಂದಿದ್ದ ನಾಗಭೂಷಣ ಒಳಗೆ ಬಂದ.

“ಬನ್ನಿ ಸಾರ್, ಕೂತ್ಕೊಳ್ಳಿ,” ಎನ್ನುತ್ತ ಶ್ರೀಕಂಠ ತನ್ನ ಕಾಫಿಯ ನೊರೆಯನ್ನು ಸೊರ್ರೆಂದು ಹೀರಿ, ಮೀಸೆ ಒರೆಸಿಕೊಂಡು, ಅರ್ಧವನ್ನು ಖಾಲಿ ಲೋಟಕ್ಕೆ ಬಗ್ಗಿಸಿ ಅವನ ಮುಂದಿಟ್ಟ. “ನಾವು ನಾವು ಬೈ ಟು ಮಾಡ್ಕೊಳ್ಳೋಣ.”